ಫ್ಲ್ಯಾಶ್‌ಬ್ಯಾಕ್: ನೆನೆಯುವವರು ಯಾರು?

ಕಳೆದ ವಾರ ಬೆಳಗಾವಿಯ ಟಿಳಕವಾಡಿಯಲ್ಲಿ, ಗೆಳೆಯರೊಬ್ಬರ ಮನೆಯಲ್ಲಿ ಏಳೆಂಟು ಜನ ಸೇರಿ ಅಮೆರಿಕದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಕಿಲ್ಲಿಂಗ್’ ನೋಡಿದೆವು. 1956ರ ಸಿನಿಮಾ, ಅವನಿಗೆ ಆಗಿನ್ನೂ ಮೂವತ್ತಾಗಿರಲಿಲ್ಲ. ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬ ಹುಡುಗ ಅಂದ: “ಮಸ್ತ್ ಐತ್ರಿ ಸರ, ಆದ್ರ ಫ್ಲ್ಯಾಶ್‌ಬ್ಯಾಕ್ ಭಾಳ ಆದ್ವು.” ಉಳಿದವರೂ ಹೌದೆಂದು ತಲೆಯಾಡಿಸಿದರು. ಆ ಸಿನಿಮಾದಲ್ಲಿ ಫ್ಲ್ಯಾಶ್‌ಬ್ಯಾಕ್ ಒಂದೂ ಇಲ್ಲ.

ಇದನ್ನು ಅಲ್ಲೇ ಹೇಳಿದೆ, ಆದರೆ ಮಾತು ಬೇರೆ ಕಡೆ ಹೊರಳಿತು. ಧಾರಾವಾಹಿಯಲ್ಲಿ ನಿನ್ನೆಯ ಕಂತಿನ ತುಣುಕು ತೋರಿಸಿದರೂ ಫ್ಲ್ಯಾಶ್‌ಬ್ಯಾಕ್, ಕಥೆ ಎರಡು ಗಂಟೆ ಹಿಂದಕ್ಕೆ ಹೋದರೂ ಫ್ಲ್ಯಾಶ್‌ಬ್ಯಾಕ್, ಹಿಂದುಮುಂದಾಗಿ ಹೇಳಿದ್ದೆಲ್ಲ ಫ್ಲ್ಯಾಶ್‌ಬ್ಯಾಕ್. ಸಾಕಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಈ ಪದ ಮೊದಲು ಸಿನಿಮಾದ್ದಲ್ಲ, ಬೆಂಕಿಯದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಂಗ್ಲಿಷಿನಲ್ಲಿ ಇದು ಎಂಜಿನ್, ಕುಲುಮೆಗಳ ಮಾತಾಗಿತ್ತು. ಹೊರಗೆ ಉರಿಯಬೇಕಾದ ಜ್ವಾಲೆ ತಟ್ಟನೆ ಹಿಂದೆ ತಿರುಗಿ, ತಾನು ಬಂದ ದಾರಿಯಲ್ಲೇ ಒಳಗೆ ನುಗ್ಗುವುದಕ್ಕೆ ಹಾಗನ್ನುತ್ತಿದ್ದರು. ಸಿನಿಮಾದ ಅರ್ಥ ಸಿಗುವುದು 1916ರ ಸುಮಾರಿನಿಂದ. ಬೆಂಕಿಯ ಅರ್ಥ ಇನ್ನೂ ಸತ್ತಿಲ್ಲ. ನಮ್ಮೂರ ಕಾರ್ಖಾನೆಗಳಿರುವ ಉದ್ಯಮಬಾಗಕ್ಕೆ ಹೋಗಿ, ಗ್ಯಾಸಿನ ಜ್ವಾಲೆಯಿಂದ ಕಬ್ಬಿಣ ಕತ್ತರಿಸುವ ಶೆಡ್ಡಿನ ಮುಂದೆ ನಿಂತು ನೋಡಿ. ಕೆಂಪು ಪೈಪು, ನೀಲಿ ಪೈಪು. ಅವು ರೆಗ್ಯುಲೇಟರಿಗೆ ಸೇರುವ ಕಡೆ ಬೆರಳುದ್ದದ ಹಿತ್ತಾಳೆ ತುಂಡೊಂದು ಇರುತ್ತದೆ. ಅದರ ಹೆಸರೇ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್. ನಮ್ಮ ಮನೆಯ ಗೇಟು ಮಾಡಿಸಲು ಹೋದಾಗ ವೆಲ್ಡರ್ ಒಬ್ಬರು ಅದನ್ನು ತೋರಿಸಿ ಹೇಳಿದ್ದರು: “ನಾಜಲ್ ಬಾಯಾಗ ಪಟ್ ಅಂತ ಸಪ್ಪಳ ಆಗಿ ಆರಿದ್ರ ಹೆದರಿಕಿಲ್ರಿ. ಒಳಗ ಸುಂಯ್ ಅನ್ನಾಕತ್ತಿದ್ರ ಬೆಂಕಿ ಹಿಂದ ಹೊಂಟೈತಿ ಅಂತ. ಇದು ಇರಲಿಲ್ಲಂದ್ರ ಸಿಲಿಂಡರ್‌ತನಕ ಹೋಗತೈತ್ರಿ.”

ಅವರು ಸಿನಿಮಾದ ವಿಷಯ ಮಾತಾಡುತ್ತಿರಲಿಲ್ಲ. ಆದರೆ ನನಗೆ ಈ ಪದ ಸರಿಯಾಗಿ ತಿಳಿದದ್ದು ಆವತ್ತೇ. ಹಿಂದೆ ಹೋಗುವ ಬೆಂಕಿಗೆ ಒಂದು ಬಾಯಿ ಬೇಕು. ಈಗ, ಇಲ್ಲಿ, ಎಲ್ಲೋ ಉರಿಯುತ್ತಿರಬೇಕು. ಅಲ್ಲಿಂದಲೇ ಅದು ಹಿಂದಕ್ಕೆ ಓಡುವುದು. ಸಿನಿಮಾದಲ್ಲಿ ಆ ಬಾಯಿ ಒಬ್ಬ ಮನುಷ್ಯ. ಅವನು ಈಗ ಇಲ್ಲಿ ಕೂತಿದ್ದಾನೆ, ಏನೋ ಅವನನ್ನು ಸುಡುತ್ತಿದೆ, ಅವನು ನೆನೆಯುತ್ತಾನೆ ಇಲ್ಲವೇ ಇನ್ನೊಬ್ಬರಿಗೆ ಹೇಳುತ್ತಾನೆ. ಅವನ ಜೊತೆ ನಾವೂ ಹಿಂದೆ ಹೋಗುತ್ತೇವೆ, ಮತ್ತೆ ಅವನ ಹತ್ತಿರವೇ ಬರುತ್ತೇವೆ.

ಕನ್ನಡದ ‘ಹಿನ್ನೋಟ’ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಅದರೊಳಗೆ ‘ನೋಟ’ ಇದೆ. ನೋಟ ಅಂದ ಮೇಲೆ ನೋಡುವವರು ಇರಲೇಬೇಕು, ಅಲ್ವಾ? ನಮ್ಮಲ್ಲಿ ‘ಹಿಂದೆ’ ಅಂದರೆ ಬೆನ್ನ ಕಡೆಯೂ ಹೌದು, ಕಳೆದ ಕಾಲವೂ ಹೌದು. ಯಾರೋ ಒಬ್ಬರು ಕುತ್ತಿಗೆ ತಿರುಗಿಸಿದ ಚಿತ್ರ ಆ ಪದದಲ್ಲೇ ಕೂತಿದೆ. ಕುತ್ತಿಗೆ ಯಾರದು ಅಂತ ಕೇಳಿ. ಉತ್ತರ ಸಿಗದಿದ್ದರೆ ಅದು ಹಿನ್ನೋಟ ಅಲ್ಲ.

ಈಗ ಕುಬ್ರಿಕ್‌ಗೆ ಬರೋಣ. ‘ದಿ ಕಿಲ್ಲಿಂಗ್’ಗಿಂತ ಒಂದು ವರ್ಷ ಮುಂಚೆ, 1955ರಲ್ಲಿ, ಅವನದೇ ಇನ್ನೊಂದು ಅಪರಾಧದ ಕಥೆ ಬಂದಿತ್ತು, ‘ಕಿಲ್ಲರ್ಸ್ ಕಿಸ್’. ಅದರಲ್ಲಿ ಒಬ್ಬ ಬಾಕ್ಸರ್ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದಾನೆ. ಕಳೆದ ಕೆಲವು ದಿನಗಳಲ್ಲಿ ನಡೆದದ್ದನ್ನು ತಾನೇ ಹೇಳುತ್ತಾನೆ. ಹೆಚ್ಚುಕಡಿಮೆ ಇಡೀ ಸಿನಿಮಾ ಅವನ ನೆನಪು. ಅದರ ಒಳಗೇ ನಾಯಕಿ ತನ್ನ ಅಕ್ಕನ ಕಥೆ ಹೇಳುತ್ತಾಳೆ, ಪರದೆಯ ಮೇಲೆ ಅಕ್ಕ ಒಬ್ಬಳೇ ನೃತ್ಯ ಮಾಡುತ್ತಿರುತ್ತಾಳೆ. ಫ್ಲ್ಯಾಶ್‌ಬ್ಯಾಕಿನೊಳಗೆ ಫ್ಲ್ಯಾಶ್‌ಬ್ಯಾಕ್. ಇಲ್ಲಿ ಆ ಪದ ಧಾರಾಳವಾಗಿ ಬಳಸಿ, ನನ್ನ ತಕರಾರಿಲ್ಲ.

‘ದಿ ಕಿಲ್ಲಿಂಗ್’ ಹಾಗಲ್ಲ. ಐದು ವರ್ಷ ಜೈಲಿನಲ್ಲಿದ್ದು ಬಂದ ಜಾನಿ ಕ್ಲೇ, ಕುದುರೆ ರೇಸಿನ ಮೈದಾನದಿಂದ 20 ಲಕ್ಷ ಡಾಲರ್ ದೋಚಲು ಜನ ಕೂಡಿಸುತ್ತಾನೆ. ಹಣದ ಕಿಟಕಿಯಲ್ಲಿ ಕೂರುವವನು, ಅಲ್ಲಿನ ಬಾರಿನಲ್ಲಿ ಕೆಲಸ ಮಾಡುವವನು, ಒಬ್ಬ ಪೊಲೀಸ್. ಓಡುವ ಕುದುರೆಗೆ ಗುಂಡು ಹೊಡೆಯಲು ಒಬ್ಬ, ಜಗಳ ತೆಗೆಯಲು ಒಬ್ಬ ಪೈಲ್ವಾನ. ಆ ಪಾತ್ರ ಮಾಡಿದ ಕೋಲಾ ಕ್ವಾರಿಯಾನಿ ನಿಜವಾಗಲೂ ಕುಸ್ತಿಪಟು. ಅಖಾಡದ ಮಣ್ಣು ನೋಡಿ ಬೆಳೆದ ನಮ್ಮ ಊರಿನವರಿಗೆ ಆ ಭುಜ, ಆ ಕುತ್ತಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಆ ಬಾರಿನ ಜಗಳವನ್ನೇ ಗಮನಿಸಿ. ಮೊದಲ ಸಲ ನಾವು ಪೈಲ್ವಾನನ ಜೊತೆ ಬರುತ್ತೇವೆ. ಅವನು ಬೇಕಂತಲೇ ಕಾಲು ಕೆರೆಯುತ್ತಾನೆ, ಕಾವಲುಗಾರರು ಮೈಮೇಲೆ ಬೀಳುತ್ತಾರೆ, ಅಂಗಿ ಹರಿಯುತ್ತದೆ, ಅವನು ಒಬ್ಬೊಬ್ಬರನ್ನೇ ಎತ್ತಿ ಒಗೆಯುತ್ತಾನೆ. ಆಮೇಲೆ ನಿರೂಪಕನ ದನಿ ಗಡಿಯಾರ ಹಿಂದಕ್ಕೆ ತಿರುಗಿಸಿ ಇನ್ನೊಬ್ಬನ ಬೆಳಗಿಗೆ ಕರೆದುಕೊಂಡು ಹೋಗುತ್ತದೆ. ಮುಂದೆ ಜಾನಿಯ ಸರದಿ. ಅದೇ ಮೈದಾನ, ಅದೇ ಹೊತ್ತು, ರೇಸ್ ಕೂಗುವವನ ಅದೇ ದನಿ. ಅದೇ ಜಗಳ ಮತ್ತೆ ಬರುತ್ತದೆ. ಆದರೆ ಈ ಸಲ ನಾವು ಹಣವಿರುವ ಕಡೆಗೆ ಹೋಗುವ ಬಾಗಿಲ ಹತ್ತಿರ ಜಾನಿಯ ಪಕ್ಕದಲ್ಲಿದ್ದೇವೆ. ಎಲ್ಲರ ಕಣ್ಣು ಪೈಲ್ವಾನನ ಮೇಲೆ. ಬಾಗಿಲು ತೆರೆಯುತ್ತದೆ, ಜಾನಿ ಒಳಗೆ ಸರಿಯುತ್ತಾನೆ.

ಇದನ್ನು ಯಾರು ನೆನೆಯುತ್ತಿದ್ದಾರೆ? ಯಾರೂ ಇಲ್ಲ. ಪೈಲ್ವಾನನ ನೆನಪಲ್ಲ, ಜಾನಿಯ ನೆನಪೂ ಅಲ್ಲ. ನಿರೂಪಕ ಈ ಕಥೆಯ ಒಳಗಿನ ಮನುಷ್ಯನೇ ಅಲ್ಲ, ಅವನು ಗಂಟೆ ನಿಮಿಷ ಹೇಳುವವನು. ಅವನಿಗೆ ಸುಡುವಂಥದ್ದು ಏನೂ ಇಲ್ಲ. ಒಂದೇ ಮಧ್ಯಾಹ್ನವನ್ನು ಒಬ್ಬೊಬ್ಬರ ಕಡೆಯಿಂದ ಬಿಡಿಸಿ ಇಡುತ್ತಾನೆ, ಅಷ್ಟೇ.

ನಮಗೆ ಈ ರೀತಿ ಹೊಸದೇನಲ್ಲ. ಅಜ್ಜಿ ಕಥೆ ಹೇಳುವಾಗ “ಇತ್ತ ಕಡೆ ರಾಜಕುಮಾರಿ ಏನ್ ಮಾಡಿದ್ಲಪಾ ಅಂದ್ರ” ಅನ್ನುತ್ತಾಳೆ, ಬೆಳಗಿನಿಂದ ಮತ್ತೆ ಶುರು ಮಾಡುತ್ತಾಳೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನವರಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವರಿಗೆ ಕಥೆ ನಡೆಸುವ ಭಾಗವತ ಗೊತ್ತು. ರುಕ್ಮಿಣಿಗೆ ಹೂವು ಸಿಕ್ಕಿತು, ಇತ್ತ ಸತ್ಯಭಾಮೆ ಏನು ಮಾಡುತ್ತಿದ್ದಾಳೆ ಅಂತ ನಮ್ಮನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕರೆದೊಯ್ಯುವ ಕೆಲಸ ಅವನದು. ಅದನ್ನು ಯಾರೂ ಸತ್ಯಭಾಮೆಯ ಫ್ಲ್ಯಾಶ್‌ಬ್ಯಾಕ್ ಅನ್ನುವುದಿಲ್ಲ. ಕುಬ್ರಿಕ್ ಮಾಡಿದ್ದಕ್ಕೆ ಹೆಸರು ಬೇಕೇ ಬೇಕು ಅಂದರೆ, ನಾನು ‘ಇತ್ತ ಕಡೆಯ ಕಥೆ’ ಅನ್ನುತ್ತೇನೆ. ದೊಡ್ಡ ಪದ ಹುಡುಕುವ ಅಗತ್ಯ ನನಗೆ ಕಂಡಿಲ್ಲ.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಏನು ಹಾಗಾದರೆ, ಅಂತ ಅದೇ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಅಲ್ಲೂ ಒಂದೇ ಘಟನೆ ಬೇರೆ ಬೇರೆ ಕಡೆಯಿಂದ ಬರುತ್ತದೆ. ಆದರೆ ಅಲ್ಲಿ ಪತ್ರಕರ್ತೆಯೊಬ್ಬಳು ಆ ಘಟನೆಯ ಬೆನ್ನು ಹತ್ತಿದ್ದಾಳೆ, ಜನರನ್ನು ಕೇಳುತ್ತಾಳೆ, ಅವರು ಹೇಳುತ್ತಾರೆ. ಹೆಸರಿನಲ್ಲೇ ‘ಕಂಡಂತೆ’ ಇದೆ. ಕಂಡವರು ಇದ್ದಾರೆ. ಹಾಗಾಗಿ ಹಿನ್ನೋಟ ಅನ್ನಬಹುದು.

“ಏನು ಕರೆದರೇನು, ಅರ್ಥವಾದರೆ ಸಾಕು” ಅನ್ನುವ ಮಾತು ನಾನು ಒಪ್ಪುವುದಿಲ್ಲ. ಫ್ಲ್ಯಾಶ್‌ಬ್ಯಾಕ್ ಅಂದುಕೊಂಡು ನೋಡಿದರೆ ನಾವು ಮನಸ್ಸಿನ ಗುಟ್ಟು ಹುಡುಕುತ್ತೇವೆ, ಇವನಿಗೆ ಇದು ಈಗ ಯಾಕೆ ನೆನಪಾಯಿತು ಅಂತ ಕಾಯುತ್ತೇವೆ. ‘ದಿ ಕಿಲ್ಲಿಂಗ್’ನಲ್ಲಿ ಕಾಯಬೇಕಾದ್ದು ಅದಕ್ಕಲ್ಲ. ಗಡಿಯಾರದ ಮುಳ್ಳುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೋ ಇಲ್ಲವೋ, ಒಬ್ಬ ಎರಡು ನಿಮಿಷ ತಡ ಮಾಡಿದರೆ ಇನ್ನೊಬ್ಬನ ಗತಿ ಏನು, ಅದಕ್ಕೆ. ಸಿನಿಮಾ ತಯಾರಾದಾಗ ನೋಡಿದ ಕೆಲವರು ಕೂಡ ಗೊಂದಲ ಜಾಸ್ತಿಯಾಯಿತು, ಕಥೆ ನೇರವಾಗಿ ಹೇಳಿ ಅಂದಿದ್ದರು. ಕುಬ್ರಿಕ್ ಮತ್ತು ನಿರ್ಮಾಪಕ ಜೇಮ್ಸ್ ಹ್ಯಾರಿಸ್ ಎಡಿಟಿಂಗ್ ಕೋಣೆಯಲ್ಲಿ ಕೂತು ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಸಾಲಾಗಿ ಜೋಡಿಸಿ ನೋಡಿದರು. ಸಪ್ಪೆಯಾಯಿತು. ಬಿಚ್ಚಿ ಮೊದಲಿನ ಹಾಗೇ ಇಟ್ಟರು.