ಇದು ಯಾರ್ದು ಅಂತ ಕೇಳಿದ್ರೆ "ನಮ್ದು" ಅಂತಾರೆ

ಹೋದ ತಿಂಗಳು ಒಂದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚೋ ಹೊತ್ತಿಗೆ ಸರಿಯಾಗಿ ತಿಪಟೂರು ಕಡೆಯ ಒಬ್ಬ ಹಿರಿಯ ಹೆಂಗಸು ನಮ್ಮ ಆಫೀಸಿಗೆ ಬಂದ್ರು. ಕೈಲಿ ಬಟ್ಟೆ ಚೀಲ. ಕೂತು, ನೀರು ಕುಡಿದು, ಸಾವಕಾಶವಾಗಿ ಚೀಲದಿಂದ ಮೊದ್ಲು ನನಗೆ ಅಂತ ತಂದಿದ್ದ ಕೊಬ್ಬರಿ ಗಿಟುಕು ತೆಗೆದ್ರು, ಆಮೇಲೆ ಒಂದು ಹಳೇ ಟವಲ್ಲು, ಟವಲ್ ಬಿಚ್ಚಿದ್ರೆ ಒಳಗೆ ರಿವಾಲ್ವರ್! ನನ್ನ ಜೂನಿಯರ್ ಹುಡುಗ ಚೇರು ಹಿಂದಕ್ಕೆ ಎಳ್ಕೊಂಡ. ಅವರು ಮಾತ್ರ ಆರಾಮಾಗಿ ಲಾಚು ಒತ್ತಿ ಬ್ಯಾರಲ್ ಮುಂದಕ್ಕೆ ಮಡಚಿ ಆರೂ ತೂತು ಖಾಲಿ ಇರೋದು ತೋರಿಸಿ "ಗುಂಡಿಲ್ಲ ಕಣಮ್ಮ, ಹೆದರ್ಕಬೇಡಿ, ರಿನ್ಯೂವಲ್ ಗೆ ಡಿಸಿ ಆಫೀಸಲ್ಲಿ ತೋರಿಸ್ಬೇಕಂತೆ, ನಮ್ಮನೇವ್ರಿಗೆ ಮಂಡಿ ನೋವು, ಅದಕ್ಕೆ ನಾನೇ ತಂದೆ" ಅಂದ್ರು.

ಇದು ಯಾರ್ದು ಅಂತ ಕೇಳ್ದೆ.

"ನಮ್ದು" ಅಂದ್ರು.

ಹದಿನೆಂಟು ವರ್ಷದಿಂದ ತುಮಕೂರಲ್ಲಿ ವಕೀಲಿಕೆ ಮಾಡ್ತಾ ಇದೀನಿ, ಅದ್ರಲ್ಲಿ ಗನ್ ಲೈಸೆನ್ಸ್ ಕೆಲಸ ಒಂದು ಪಾಲು ಯಾವಾಗ್ಲೂ ಇರುತ್ತೆ, ತೋಟಕ್ಕೆ ಹಂದಿ ಬರುತ್ತೆ ಚಿರತೆ ಬರುತ್ತೆ ಅನ್ನೋರು, ಅಪ್ಪನ ಡಬಲ್ ಬ್ಯಾರಲ್ ಹೆಸರಿಗೆ ಮಾಡಿಸ್ಕೊಳ್ಳೋರು, ಹೀಗೆ. ಗನ್ನಿನ ಮೇಲಿನ ಪ್ರೀತಿಗೆ ಗನ್ ಇಟ್ಕೊಂಡಿರೋ ಜನ ಕಮ್ಮಿ, ಅದ್ರಲ್ಲೂ ಗಂಡ ಹೆಂಡ್ತಿ ಇಬ್ರಿಗೂ ಆ ಹುಚ್ಚು ಇರೋದು ಬೆರಳೆಣಿಕೆ. ಆದ್ರೆ ಅಂಥೋರೆಲ್ಲ ಎಡವೋದು ಈ "ನಮ್ದು" ಅನ್ನೋ ಜಾಗದಲ್ಲೇ. ಸೈಟು ಜಂಟಿಯಾಗಿ ತಗೋಬಹುದು, ಬ್ಯಾಂಕ್ ಖಾತೆ ಜಂಟಿ ಇರುತ್ತೆ, ಸಾಲ ಅಂತೂ ಜಂಟಿನೇ. ಗನ್ ಮಾತ್ರ ಹಾಗಲ್ಲ, ಯಾರ ಲೈಸೆನ್ಸಲ್ಲಿ ಆ ನಂಬರ್ ಏರಿದೆಯೋ ಅವರೊಬ್ಬರದ್ದೇ.

ಹಾಗಾದ್ರೆ ಆಯಮ್ಮ ಗಂಡನ ರಿವಾಲ್ವರ್ ತಂದಿದ್ದು ತಪ್ಪಾ? ಅರ್ಧ ಸರಿ ಅರ್ಧ ತಪ್ಪು. 1959ರ ಆಯುಧ ಕಾಯ್ದೆ 3ನೇ ಸೆಕ್ಷನ್ನಲ್ಲಿ ಒಂದು ಸಣ್ಣ ಕಿಂಡಿ ಇದೆ, ಲೈಸೆನ್ಸ್ ಇಲ್ಲದವರು ಕೂಡ ಲೈಸೆನ್ಸ್‌ದಾರರ ಎದುರಲ್ಲಿ ಅಥವಾ ಅವರು ಬರೆದುಕೊಟ್ಟ ಪತ್ರ ಇಟ್ಕೊಂಡು ಗನ್ ಒಯ್ಯಬಹುದು, ಅದೂ ಮೂರೇ ಕಾರಣಕ್ಕೆ: ರಿಪೇರಿ, ಲೈಸೆನ್ಸ್ ರಿನ್ಯೂವಲ್, ಇಲ್ಲಾ ಆ ಲೈಸೆನ್ಸ್‌ದಾರರೇ ಉಪಯೋಗಿಸೋಕೆ. ಇವರ ಕಾರಣ ಸರಿ ಇತ್ತು, ಪತ್ರ ಇರ್ಲಿಲ್ಲ. ಬರೋ ದಾರೀಲಿ ಗುಬ್ಬಿ ಹತ್ರ ಯಾರಾದ್ರೂ ಚೆಕಿಂಗ್ ಮಾಡಿದ್ರೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಕೊಂಡ ಕೇಸು, 2019ರ ತಿದ್ದುಪಡಿ ಆದ್ಮೇಲೆ ಅದಕ್ಕೆ ಕನಿಷ್ಠ 2 ವರ್ಷ, 5 ವರ್ಷದ ತನಕ ಶಿಕ್ಷೆ. ನಲವತ್ತು ವರ್ಷ ಸಂಸಾರ ಮಾಡಿದೀನಿ ಸ್ವಾಮಿ ಅಂದ್ರೆ ಕೋರ್ಟಲ್ಲಿ ನಡೆಯಲ್ಲ. ಒಂದು ಬಿಳಿ ಹಾಳೆ, ಗನ್ನಿನ ನಂಬರು, ಲೈಸೆನ್ಸ್ ನಂಬರು, ಯಾಕೆ, ಎಲ್ಲಿಗೆ, ಯಾವ ತಾರೀಖು, ಕೆಳಗೆ ಗಂಡನ ಸೈನು. ಅಷ್ಟೇ ಬೇಕಿದ್ದಿದ್ದು. ಜೂನಿಯರ್ ನ ಅವತ್ತೇ ಊರಿಗೆ ಓಡಿಸಿ ಬರೆಸಿ ತಂದ್ವಿ, ಅಲ್ಲೀವರೆಗೂ ಆಯಮ್ಮ ಇಲ್ಲೇ ನನ್ನ ಡಬ್ಬಿಲಿದ್ದ ಚಿತ್ರಾನ್ನ ಹಂಚ್ಕೊಂಡು ಕೂತಿದ್ರು.

ಆಗ ಬಿಚ್ಕೊಂಡಿದ್ದು ಕತೆ. ಹುಚ್ಚು ಶುರುವಾಗಿದ್ದು ಗಂಡಂದಲ್ಲ, ಇವರದ್ದು. ಶಿರಾ ಕಡೆ ಇವರ ತವರುಮನೆ, ಅಪ್ಪನ ಹತ್ರ ಒಂದು .32 ಬೋರಿನ (ಬೋರ್ ಅಂದ್ರೆ ಬ್ಯಾರಲ್ ಒಳಗಿನ ತೂತಿನ ಅಳತೆ) ವೆಬ್ಲಿ ಅಂಡ್ ಸ್ಕಾಟ್ ಅನ್ನೋ ಇಂಗ್ಲೆಂಡ್ ಕಂಪನಿಯ ರಿವಾಲ್ವರ್ ಇತ್ತು, ಅಪ್ಪ ಹೋದ್ಮೇಲೆ ಅಣ್ಣಂದಿರು ಯಾರೂ ಬೇಡ ಅಂದ್ರು, ಇವರು ವಾರಸುದಾರಳಾಗಿ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸ್ಕೊಂಡ್ರು. ಟೀಚರ್ ಆಗಿದ್ದೋರು, ಎಲ್ಲದಕ್ಕೂ ಒಂದು ನೋಟ್ ಬುಕ್ ಇಡೋ ಅಭ್ಯಾಸ. ಲೋಹದ ಮೇಲೆ ಕಿರೀಟದ ಕೆಳಗೆ ಪುಟ್ಟದಾಗಿ ಎನ್‌ಪಿ ಅಂತ ಗುದ್ದಿರೋ ಮುದ್ರೆ ನೋಡಿ ಇದೇನು ಅಂತ ಹುಡುಕಿ ಹುಡುಕಿ ಅದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ನಲ್ಲಿ ಜಾಸ್ತಿ ಮದ್ದು ತುಂಬಿ ಹಾರಿಸಿ ಪರೀಕ್ಷೆ ಮಾಡಿದ ಗುರುತು ಅಂತ ಕಂಡ್ಕೊಂಡ್ರು, ಆ ಪ್ರೂಫ್ ಹೌಸ್ 1813ರದ್ದು. ಗಂಡನ ಹತ್ರ ಇದ್ದಿದ್ದು ಕಾನ್ಪುರದ ಸರ್ಕಾರಿ ಫ್ಯಾಕ್ಟರಿಯ .32. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಅಕ್ಕ ತಂಗಿ ಥರ, ಎರಡೂ ಬ್ಯಾರಲ್ ಮಡಚೋ ಥರದವೇ, ಯಾಕಂದ್ರೆ ನಮ್ಮ ಫ್ಯಾಕ್ಟರಿ ಡಿಸೈನ್ ಗೆ ಮೂಲ ವೆಬ್ಲಿನೇ. 2014ರಲ್ಲಿ ಹೆಂಗಸರಿಗೆ ಅಂತ ಹೇಳಿ ಬಿಟ್ಟ ನಿರ್ಭೀಕ್ ರಿವಾಲ್ವರ್ ಕೂಡ ಅದೇ ವಂಶ, ಟೈಟಾನಿಯಂ ಮಿಶ್ರಲೋಹ, ಅರ್ಧ ಕೆಜಿ ತೂಕ, ಆಗಿನ ಬೆಲೆ 1.22 ಲಕ್ಷ ಚಿಲ್ಲರೆ. ಗುಂಡು ತುಂಬೋ ಸಿಲಿಂಡರ್ ಪಕ್ಕಕ್ಕೆ ತೆರೆಯೋ ಥರದ್ದು ನಮ್ಮಲ್ಲಿ ಪ್ರಬಲ್ ಅಂತ ಬಂದಿದ್ದು 2023ರಲ್ಲಿ. ಇದೆಲ್ಲ ಆಯಮ್ಮನೇ ನನಗೆ ಹೇಳಿಕೊಟ್ಟಿದ್ದು, ಫೀಸ್ ತಗೋಬೇಕೋ ಕೊಡಬೇಕೋ ಗೊತ್ತಾಗ್ಲಿಲ್ಲ.

ಅಮೆರಿಕದಲ್ಲಿರೋ ಮಗ ಫೋನಲ್ಲಿ ತೋರಿಸ್ತಾನಂತೆ, ಅಲ್ಲಿ ಗಂಡ ಹೆಂಡ್ತಿ ಸೇರಿ ಗೋಡೆ ತುಂಬಾ ಕೋಲ್ಟು, ಸ್ಮಿತ್ ಅಂಡ್ ವೆಸನ್ ಕಂಪನಿ ಗನ್ನು ನೇತಾಕಿರ್ತಾರೆ. ಅಲ್ಲಿ 1898ರ ಒಳಗೆ ತಯಾರಾಗಿದ್ದು ಕೇಂದ್ರ ಕಾನೂನಿನ ಪ್ರಕಾರ ಪುರಾತನ ವಸ್ತು, 50 ವರ್ಷ ದಾಟಿದ ಗನ್ನುಗಳನ್ನ ಕೂಡಿಡೋರಿಗೆ ಅಂತಲೇ ಬೇರೆ ಲೈಸೆನ್ಸ್ ಇದೆ. ಅದನ್ನ ನೋಡಿ ನಮ್ಮೋರು "ಹಳೇದಕ್ಕೆ ಲೈಸೆನ್ಸ್ ಬೇಡ್ವಂತೆ" ಅಂತ ತೀರ್ಮಾನ ಮಾಡ್ಕೊಂಡು ಬಿಡ್ತಾರೆ. ಇಲ್ಲಿ ಲೆಕ್ಕ ಬೇರೆ. ನಮ್ಮ ಕಾಯ್ದೆ 45ನೇ ಸೆಕ್ಷನ್ ವಿನಾಯಿತಿ ಕೊಡೋದು ಹಳೇದು ಅಂತ ಅಲ್ಲ, ರಿಪೇರಿ ಮಾಡಿದ್ರೂ ಮಾಡದಿದ್ರೂ ಗುಂಡು ಹಾರಿಸೋಕೆ ಬರಲ್ಲ ಅನ್ನೋ ಸ್ಥಿತಿಲಿರೋ ಹಳೇ ಮಾದರಿಗೆ. ಇವರ ತವರುಮನೆ ಅಟ್ಟದಲ್ಲೂ ಒಂದು ಸಿಕ್ಕಿತ್ತು, ತೋಟಾದ (ಗುಂಡು ಮದ್ದು ತುಂಬಿದ ಕಾರ್ಟ್ರಿಜ್ಜಿನ) ಪಕ್ಕದಲ್ಲಿ ಮೊಳೆ ಥರ ಪಿನ್ ಚಾಚಿಕೊಂಡಿರೋ ಕಾಲದ್ದು, ಆ ಪಿನ್ನಿಗೆ ಬಡಿಯೋ ಹ್ಯಾಮರ್ ಮುರಿದಿತ್ತು. ಕೆಲಸ ಮಾಡಲ್ಲ ಬಿಡಿ ಅಂದ್ರು ಅವರ ಯಜಮಾನ್ರು, ಆಮೇಲೆ ಬಂದಾಗ. ಹ್ಯಾಮರ್ ಬೆಸುಗೆ ಹಾಕಿಸಿದ್ರೆ ಹೊಡೆಯುತ್ತೆ ಅಂದ್ರೆ ಅದು ಬಂದೂಕೇ ಸಾರ್, ಅಂದೆ. 2020ರ ಫೆಬ್ರವರಿಲಿ ಕೇಂದ್ರ ಗೃಹ ಸಚಿವಾಲಯ ಕ್ಯೂರಿಯೋ, ಅಂದ್ರೆ ಅಪರೂಪದ ವಸ್ತು, ಅನ್ನೋ ವರ್ಗಕ್ಕೆ ಬರೋ ಸಣ್ಣ ಆಯುಧ ಮನೇಲಿ ಇಟ್ಕೊಳ್ಳೋಕೆ ಲೈಸೆನ್ಸ್ ಬೇಡ ಅಂತ ಮಾಡ್ತು ನಿಜ, ಆದ್ರೆ ಒಯ್ಯೋಕೆ, ಉಪಯೋಗಿಸೋಕೆ ಲೈಸೆನ್ಸ್ ಬೇಕೇ ಬೇಕು, ಮತ್ತೆ ನಿಮ್ಮ ಅಟ್ಟದ್ದು ಕ್ಯೂರಿಯೋ ಹೌದೋ ಅಲ್ವೋ ಅಂತ ನೀವು ನಾನು ಕೂತು ಹೇಳೋಕಾಗಲ್ಲ. ಠಾಣೆಗೆ ಬರೆದುಕೊಟ್ಟು, ಪರೀಕ್ಷೆ ಮಾಡಿಸಿ, ಅವರ ಕೈಲಿ ಬರೆಸ್ಕೊಳ್ಳಿ, ಬಾಯಿಮಾತು ಬೇಡ.

ಹಾಗೇ ಬೋರ್ ವಿಷಯ. ಮಿಲಿಟರಿಲಿದ್ದ ಮಾವನ ದೊಡ್ಡ ವೆಬ್ಲಿ ಇದೆ, ಹೆಸರಿಗೆ ಮಾಡಿಸಿಕೊಡಿ ಅಂತ ಬರ್ತಾರೆ. .380, .455 ರಿಮ್ ಇರೋ ತೋಟಾ ಹಿಡಿಸೋ ರಿವಾಲ್ವರ್ ಎಲ್ಲ ನಿಷೇಧಿತ ಬೋರ್ ಪಟ್ಟಿಗೆ ಬರುತ್ತೆ, ಅದು ನಮ್ಮ ಡಿಸಿ ಕೈಲಿಲ್ಲ, ದೆಹಲಿಗೆ ಹೋಗ್ಬೇಕು. ಕೊಡಗಿನವರಿಗೆ ಇದೆಯಲ್ಲ ನಮಗ್ಯಾಕಿಲ್ಲ ಅಂತ ವಾದ ಮಾಡೋರಿಗೂ ಒಂದು ಮಾತು, ಅವರಿಗಿರೋ ವಿನಾಯಿತಿ ಕೋವಿ ರೈಫಲ್ಲಿಗೆ, ಸೊಂಟದ ರಿವಾಲ್ವರ್ ಗಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮೊದ್ಲು ಒಬ್ಬರಿಗೆ ಮೂರು ಗನ್ ಇಟ್ಕೊಳ್ಳೋಕೆ ಅವಕಾಶ ಇತ್ತು, 2019ರ ಡಿಸೆಂಬರ್ 14ರಿಂದ ಎರಡೇ. ವಂಶಪಾರಂಪರ್ಯವಾಗಿ ಬಂದಿದ್ದೂ ಸೇರಿ ಎರಡೇ. ಜಾಸ್ತಿ ಇದ್ದಿದ್ದನ್ನ ವರ್ಷದೊಳಗೆ ಠಾಣೆಗೋ ಡೀಲರ್ ಗೋ ಕೊಡ್ಬೇಕಿತ್ತು. ಯಜಮಾನ್ರ ಹತ್ರ ಮೂರಿತ್ತು: ಕಾನ್ಪುರದ ರಿವಾಲ್ವರು, ಒಂದು .22 ರೈಫಲ್ಲು, ಅವರಪ್ಪನ ಕಾಲದ 12 ಬೋರ್ ಡಬಲ್ ಬ್ಯಾರಲ್ಲು. ಯಾವ್ದು ಬಿಡೋದು ಅಂತ ಮನೇಲಿ ಒಂದು ತಿಂಗಳು ಜಗಳ, ಆಸ್ತಿ ಪಾಲಿಗೂ ಅಷ್ಟು ಆಗಿರ್ಲಿಲ್ವಂತೆ. ಆಗ ದಾರಿ ತೋರಿಸಿದ್ದು 2016ರ ಆಯುಧ ನಿಯಮಗಳ 25ನೇ ನಿಯಮ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ರೆ, ಇಲ್ಲಾ ಆ ಗನ್ ಇಟ್ಕೊಂಡು 25 ವರ್ಷ ಆಗಿದ್ರೆ, ಯಾವ್ದು ಮೊದ್ಲೋ ಆಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಬಹುದು. ಹೆಂಡ್ತಿ ಹತ್ರ ಇದ್ದಿದ್ದು ಒಂದೇ. ಡಬಲ್ ಬ್ಯಾರಲ್ ಅವರಿಗೆ ಹೋಯ್ತು. ಎರಡು ಇವರದ್ದು, ಎರಡು ಅವರದ್ದು, ಮನೇಲಿ ಒಟ್ಟು ನಾಲ್ಕು.

ಇದನ್ನ ಓದಿ ಓಹೋ ಹೆಂಡ್ತಿ ಹೆಸರಲ್ಲಿ ಅರ್ಜಿ ಹಾಕಿದ್ರೆ ಇನ್ನೆರಡು ಸಿಗುತ್ತೆ ಅಂತ ಓಡಬೇಡಿ. ತೋಟದ ಕೋವಿ ಕೇಳೋದು ಬೇರೆ, ರಿವಾಲ್ವರ್ ಗೆ ಸಕಾರಣ ತೋರಿಸ್ಬೇಕು, ಅದು ಅವರದ್ದೇ ಕಾರಣ ಆಗಿರ್ಬೇಕು, ಪೊಲೀಸ್ ರಿಪೋರ್ಟು, ಟ್ರೈನಿಂಗ್ ಸರ್ಟಿಫಿಕೇಟು ಎಲ್ಲ ಅವರ ಹೆಸರಲ್ಲೇ ಆಗ್ಬೇಕು. ಕೂಡಿಡೋ ಹವ್ಯಾಸ ಅನ್ನೋದನ್ನ ಸಕಾರಣ ಅಂತ ಒಪ್ಪಿದ ಆರ್ಡರ್ ನನ್ನ ಕೈಗೆ ಇನ್ನೂ ಒಂದೂ ಬಂದಿಲ್ಲ. ಗಂಡನ ಆಸೆಗೆ ಹೆಂಡ್ತಿ ಹೆಸರು ಬರೀ ರಬ್ಬರ್ ಸ್ಟಾಂಪ್ ಆಗಿದ್ರೆ ವಿಚಾರಣೆಗೆ ಬಂದ ಇನ್ಸ್‌ಪೆಕ್ಟರ್ ಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ, ಸಿಲಿಂಡರ್ ತೆಗೀರಿ ನೋಡೋಣ ಅಂದ್ರೆ ಗಂಡನ ಮುಖ ನೋಡ್ತಾರೆ.

ಬೀರು ವಿಷಯ ಅಂತೂ ನಾನು ಎಲ್ಲರ ಹತ್ರನೂ ಬೈಸ್ಕೊಳ್ಳೋದು. ನಾಲ್ಕೂ ಒಂದೇ ಗಾಡ್ರೇಜ್ ಬೀರುಲಿ, ಕೀ ದೇವರ ಮನೇಲಿ. 1972ರಲ್ಲಿ ಸುಪ್ರೀಂ ಕೋರ್ಟು ಗುಣವಂತಲಾಲ್ ಕೇಸಲ್ಲಿ ಹೇಳಿದ್ದು ಇಷ್ಟು, ಸ್ವಾಧೀನ ಅಂದ್ರೆ ಕೈಲಿ ಹಿಡಿದಿರೋದೇ ಆಗ್ಬೇಕಿಲ್ಲ, ಗೊತ್ತಿದ್ದು ಹತೋಟಿ ಇದ್ರೆ ಅದೂ ಸ್ವಾಧೀನವೇ. ಒಂದೇ ಕೀ ಇಬ್ಬರ ಹತ್ರ ಇದ್ರೆ ಹೆಂಡ್ತಿಯ ಗನ್ ಗಂಡನ ಹತೋಟಿಲಿ ಇತ್ತು ಅಂತ ವಾದ ಎಬ್ಬಿಸೋದು ಎಷ್ಟೊತ್ತಿನ ಕೆಲಸ? ಎರಡು ಲಾಕರ್ರು, ಎರಡು ಕೀ, ತೋಟಾ ಬೇರೆ ಡಬ್ಬಿ. ಮೊಮ್ಮಕ್ಕಳು ಬೇಸಿಗೆ ರಜಕ್ಕೆ ಬರೋ ಮನೆಗಳಲ್ಲಿ ಇದನ್ನ ಎರಡು ಸಲ ಹೇಳ್ತೀನಿ.

ಇನ್ನೊಂದು ಆಯುಧಪೂಜೆ. ವರ್ಷಾ ವರ್ಷ ಅರಿಶಿನ ಕಲಸಿ ಬ್ಯಾರಲ್ ಗೆ ಬಳಿದು ಕುಂಕುಮ ಇಟ್ಟು ಹೂವು ಏರಿಸಿ ರಾತ್ರಿಯೆಲ್ಲ ಹಾಗೇ ಬಿಡ್ತಾರೆ, ಆ ನೀರಿನ ಪಸೆ ಕುಂತ ಜಾಗದಲ್ಲಿ ಲೋಹದ ಮೇಲಿನ ನೀಲಿ ಲೇಪ ಕಿತ್ತು ಹೋಗಿ ತುಕ್ಕು. ಆಯಮ್ಮನ ವೆಬ್ಲಿ ಮೇಲೆ ಮೂರು ಬೆರಳಿನ ಗುರುತು ಕಾಣುತ್ತೆ, ಅವರತ್ತೆ ಇಟ್ಟ ಅರಿಶಿನದ್ದಂತೆ, ಅತ್ತೆ ಹೋಗಿ ಇಪ್ಪತ್ತು ವರ್ಷ ಆಯ್ತು ಗುರುತು ಹೋಗಿಲ್ಲ. ಈಗ ಅವರು ಕುಂಕುಮ ಇಡೋದು ಪಕ್ಕದಲ್ಲಿಟ್ಟ ನಿಂಬೆಹಣ್ಣಿಗೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಲೆ ಇಡೋದೂ ಅಷ್ಟೇ ಕೆಟ್ಟದ್ದು, ಚರ್ಮ ತೇವ ಹಿಡಿಯುತ್ತೆ.

ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡೋ ಆರ್ಡರ್ ಆದ್ರೆ ಇಬ್ಬರದ್ದಕ್ಕೂ ಬೇರೆ ಬೇರೆ ರಸೀದಿ, ಪ್ರತಿ ರಸೀದಿಲೂ ಗನ್ನಿನ ನಂಬರು. ಆಯಮ್ಮನ ಲೈಸೆನ್ಸಲ್ಲಿ ವಿಳಾಸ ತುಂಬಾ ವರ್ಷ ತವರುಮನೇದೇ ಇತ್ತು, ಪ್ರತಿ ಎಲೆಕ್ಷನ್ ಗೂ ಶಿರಾ ತನಕ ಹೋಗಿ ಬರ್ತಿದ್ರು, ವಿಳಾಸ ಬದಲಾಯಿಸ್ಕೋಬೇಕು ಅಂತ ಯಾರೂ ಹೇಳಿರ್ಲಿಲ್ಲ.

ಅವತ್ತು ಹೊರಡೋ ಮುಂಚೆ ಯಜಮಾನ್ರೂ ಜೂನಿಯರ್ ಜೊತೆ ಕಾರಲ್ಲಿ ಬಂದೇ ಬಿಟ್ರು, ಮಂಡಿ ನೋವು ಮರೆತು ಹೋಗಿತ್ತು. ಕೂತ್ಕೊಂಡು "ನಮ್ದು ಏನೂ ತಕರಾರಿಲ್ಲ ಲಾಯರಮ್ಮ, ನಾನ್ ಹೋದ್ರೆ ನಂದೆಲ್ಲ ಅವಳಿಗೆ, ಅವಳು ಹೋದ್ರೆ ಅವಳ್ದೆಲ್ಲ ನಂಗೆ, ಹಂಗೇ ಒಂದು ವಿಲ್ ಬರ್ಕೊಡಿ" ಅಂದ್ರು. ಆಗಲ್ಲ ಸಾರ್ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ, ಆಯಮ್ಮನಿಗೆ ತಕ್ಷಣ ಆಯ್ತು, ಟೀಚರ್ ಅಲ್ವಾ, ಎರಡಕ್ಕೆ ಎರಡು ಕೂಡಿದ್ರೆ ನಾಲ್ಕು, ಉಳಿದೋರ ಕೈಲಿ ಆಗ್ಲೇ ಎರಡಿರುತ್ತೆ, ಇನ್ನೊಂದಕ್ಕೂ ಜಾಗ ಇಲ್ಲ. ಸತ್ತವರ ಎರಡನ್ನೂ ತಡ ಮಾಡದೆ ಠಾಣೆಗೋ ಡೀಲರ್ ಗೋ ಜಮಾ ಮಾಡಿ, ಬೇರೆ ವಾರಸುದಾರರು ಯಾರಾದ್ರೂ ಲೈಸೆನ್ಸ್ ಮಾಡಿಸ್ಕೋಬೇಕು. ಹೀಗೆ ಜಮಾ ಮಾಡದೆ ಗಂಡನ ರಿವಾಲ್ವರ್ ನ ಅಕ್ಕಿ ಡಬ್ಬದಲ್ಲಿ ಮೂರು ವರ್ಷ ಬಚ್ಚಿಟ್ಟಿದ್ದ ಒಬ್ಬ ವಿಧವೆಯ ಕೇಸು ನನ್ನ ಹತ್ರನೇ ಇದೆ, ಆ ವಿಧವೆ ಅದನ್ನ ಇಟ್ಕೊಂಡಿದ್ದು ಬರೀ ನೆನಪಿಗೆ. ಹೊರಗಿನವರಿಗೆ ಮಾರೋದಾದ್ರೂ ಕೊಳ್ಳೋರಿಗೆ ಲೈಸೆನ್ಸ್ ಇರ್ಬೇಕು, ಡಿಸಿಗೋ ಠಾಣೆಗೋ ಬರೆದುಕೊಟ್ಟು 45 ದಿನ ಕಾಯ್ಬೇಕು.

ಆಯಮ್ಮ ನೋಟ್ ಬುಕ್ ತೆಗೆದ್ರು. ನಾಲ್ಕು ಗನ್ನು, ನಾಲ್ಕು ಸಾಲು, ನಂಬರು, ಬೋರು, ತಗೊಂಡ ತಾರೀಖು. ಪಕ್ಕದಲ್ಲಿ ಹೊಸದಾಗಿ ಒಂದು ಗೆರೆ ಎಳೆದು ಮೇಲೆ "ಮುಂದೆ ಯಾರಿಗೆ" ಅಂತ ಬರೆದ್ರು. ಡಬಲ್ ಬ್ಯಾರಲ್ ಮುಂದೆ ತೋಟ ನೋಡ್ಕೊಳ್ಳೋ ಕಿರಿ ಮಗನ ಹೆಸರು. ವೆಬ್ಲಿ ಮುಂದೆ ತುಮಕೂರಲ್ಲೇ ಇರೋ ಮಗಳ ಹೆಸರು ಬರೆಯೋಕೆ ಹೋಗಿ, ಅಲ್ಲೇ ಫೋನ್ ಮಾಡಿ ಕೇಳಿದ್ರು, ಸ್ಪೀಕರಲ್ಲಿ ಮಗಳು "ಅಮ್ಮಾ, ಅದನ್ನ ಕಂಡ್ರೆ ನಂಗೆ ಭಯ ಕಣೆ" ಅಂತು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಂದು ತಾನೇ? ಟ್ರೈನಿಂಗ್ ಎಲ್ಲಿ ಕೊಡ್ತಾರೆ ಕೇಳು ಲಾಯರ್ ನ" ಅಂತು.