ತೋಳ ವೇಷ ಬದಲಿಸಿದ ಕಥೆ

ಎಂಟು ನಿಮಿಷದ ಒಂದು ಕಾರ್ಟೂನ್. ಅದರಲ್ಲಿ ಹೀಗೆ ಬಂದು ಹಾಗೆ ಹೋಗುವ ಒಂದು ದೃಶ್ಯ. ಅದರ ಬಗ್ಗೆ ತೊಂಬತ್ತು ವರ್ಷದಿಂದ ಮಾತು ನಡೆಯುತ್ತಲೇ ಇದೆ. ಡಿಸ್ನಿಯ ‘ತ್ರೀ ಲಿಟಲ್ ಪಿಗ್ಸ್’ ವಿಷಯ ಎತ್ತಿದರೆ ಒಬ್ಬರು ‘ಕತ್ತರಿ ಹಾಕಿದರು’ ಅಂತಾರೆ, ಇನ್ನೊಬ್ಬರು ‘ತಿದ್ದಿದರು’ ಅಂತಾರೆ. ‘ಅಂಥದ್ದೇನೂ ಅದರಲ್ಲಿಲ್ಲ, ನಾನೇ ನೋಡಿದ್ದೇನಲ್ಲ’ ಅನ್ನುವವರೂ ಇದ್ದಾರೆ. ಇವರೆಲ್ಲ ನೋಡಿರುವುದು ಬೇರೆ ಬೇರೆ ಪ್ರತಿ. ಗೋಜಲು ಶುರುವಾಗುವುದೇ ಅಲ್ಲಿ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಮೂರು ಪುಟ್ಟ ಹಂದಿಗಳಿಗೆ ಹುಲ್ಲಿನದೊಂದು, ಕಡ್ಡಿಯದೊಂದು, ಇಟ್ಟಿಗೆಯದೊಂದು ಮನೆ. ಬಾಗಿಲಲ್ಲಿ ತೋಳ. 1890ರಲ್ಲಿ ಜೋಸೆಫ್ ಜೇಕಬ್ಸ್ ತಮ್ಮ ಇಂಗ್ಲಿಷ್ ಜನಪದ ಕಥೆಗಳ ಸಂಗ್ರಹಕ್ಕೆ ಸೇರಿಸಿದ ಕಥೆಯಲ್ಲಿ ತೋಳ ಮೊದಲ ಎರಡು ಹಂದಿಗಳನ್ನು ತಿಂದೇ ಬಿಡುತ್ತದೆ. ಮೂರನೆಯ ಹಂದಿ ಆ ತೋಳವನ್ನೇ ಬೇಯಿಸಿ ಊಟ ಮಾಡುತ್ತದೆ! ಡಿಸ್ನಿ ಯಾರನ್ನೂ ಸಾಯಿಸಲಿಲ್ಲ. ಹಾಗಂತ ತೀರಾ ಸಾಧು ಚಿತ್ರವೂ ಅಲ್ಲ. ಇಟ್ಟಿಗೆ ಮನೆಯ ಗೋಡೆಯ ಮೇಲೆ ‘ಅಪ್ಪ’ನ ಪಟ ಇದೆ. ಪಟದಲ್ಲಿರುವುದು ಹಂದಿಮಾಂಸದ ಸಾಸೇಜುಗಳ ಸರ.

ಚಿತ್ರ ಬಂದದ್ದು 1933ರ ಮೇ ತಿಂಗಳಲ್ಲಿ. ನಿರ್ದೇಶಕ ಬರ್ಟ್ ಗಿಲೆಟ್. ಫ್ರ್ಯಾಂಕ್ ಚರ್ಚಿಲ್ ಕಟ್ಟಿದ ‘ದುಷ್ಟ ತೋಳಕ್ಕೆ ಯಾರು ಹೆದರುತ್ತಾರೆ’ ಎಂಬ ಹಾಡು ಅಮೆರಿಕದ ಬೀದಿಬೀದಿಯಲ್ಲಿ ಕೇಳಿಸಿತು. ಆಗ ಅಲ್ಲಿ ಕೆಲಸವಿಲ್ಲ, ಕಾಸಿಲ್ಲ. ಮಾರ್ಚ್‌ನಲ್ಲಷ್ಟೇ ದೇಶದ ಬ್ಯಾಂಕುಗಳನ್ನೆಲ್ಲ ಕೆಲವು ದಿನ ಮುಚ್ಚಿಸಿದ್ದರು. ಇಂಗ್ಲಿಷಿನಲ್ಲಿ ‘ಬಾಗಿಲಿಗೆ ತೋಳ ಬಂತು’ ಅಂದರೆ ಮನೆಗೆ ಬಡತನ ಬಂತು ಎಂದೇ ಅರ್ಥ. ಜನ ತೋಳದಲ್ಲಿ ಅದನ್ನೇ ಕಂಡರು. ಚಿತ್ರಕ್ಕೆ ಆಸ್ಕರ್ ಕೂಡ ಬಂತು. ಆನಿಮೇಷನ್ ಮಾಡುವವರು ಇದನ್ನು ಈಗಲೂ ನೆನೆಯುವುದು ಬೇರೆ ಕಾರಣಕ್ಕೆ. ಮೂರೂ ಹಂದಿಗಳ ರೂಪ ಒಂದೇ, ಆದರೆ ನಡಿಗೆ ನೋಡಿದರೆ ಸಾಕು, ಯಾರ ಸ್ವಭಾವ ಎಂಥದ್ದು ಅಂತ ತಿಳಿಯುತ್ತದೆ.

ಈಗ ಆ ದೃಶ್ಯಕ್ಕೆ ಬರೋಣ. ಕಡ್ಡಿ ಮನೆಯ ಮುಂದೆ ಕುರಿಮರಿಯ ವೇಷ ಹಾಕಿ ಸೋತ ತೋಳ, ಇಟ್ಟಿಗೆ ಮನೆಯ ಮುಂದೆ ಬ್ರಷ್ ಮಾರುವವನಾಗಿ ಬರುತ್ತದೆ. ಮೂಲದಲ್ಲಿ ಆ ವೇಷ ಒಬ್ಬ ಯಹೂದಿ ವ್ಯಾಪಾರಿಯದು. ಉದ್ದ ಮೂಗು, ಗಡ್ಡ, ಕನ್ನಡಕ, ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ಧಾಟಿಯ ಮಾತು. ಮನೆಗೆ ನುಗ್ಗಲು ಮೋಸ ಮಾಡುವವನಿಗೆ ಆ ಮುಖ. ಅದೇ ವರ್ಷ ಏಪ್ರಿಲ್ 1ರಂದು ಜರ್ಮನಿಯಲ್ಲಿ ನಾಜಿಗಳು ಯಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ ಹಾಕಿಸಿದ್ದರು.

ಯಹೂದಿಗಳ ಸಂಘಟನೆಯಾದ ಅಮೆರಿಕನ್ ಜ್ಯೂಯಿಷ್ ಕಾಂಗ್ರೆಸ್‌ ಕಡೆಯಿಂದ ಆಕ್ಷೇಪ ಬಂತು. ನಾಟಕ ಕಂಪನಿಗಳಲ್ಲಿ ಯಹೂದಿ ಹಾಸ್ಯಗಾರರೇ ಹೀಗೆ ವೇಷ ಹಾಕುತ್ತಾರಲ್ಲ, ಇದೂ ಅಷ್ಟೇ ಎಂಬ ಧಾಟಿಯಲ್ಲಿ ಸ್ಟುಡಿಯೊ ಉತ್ತರ ಕೊಟ್ಟಿತು. ರಂಗದ ಮೇಲೆ ಅಂಥ ವೇಷ ಇದ್ದದ್ದು ನಿಜವೇ. ಆದರೆ ತನ್ನವರ ಬಗ್ಗೆ ತಾನೇ ಜೋಕು ಹೇಳಿಕೊಳ್ಳುವುದು ಬೇರೆ, ಪಕ್ಕದವರು ಹೇಳುವುದು ಬೇರೆ ಅಲ್ವಾ? ದೃಶ್ಯ ಹಾಗೇ ಉಳಿಯಿತು.

1941ರಲ್ಲಿ ಒಂದು ವಿಚಿತ್ರ ತಿರುವು. ಯುದ್ಧಕ್ಕಾಗಿ ಹಣ ಉಳಿಸಿ ಎಂಬ ಕೆನಡಾ ಸರ್ಕಾರದ ಪ್ರಚಾರಕ್ಕಾಗಿ ಡಿಸ್ನಿ ಈ ಹಂದಿಗಳನ್ನೇ ಮತ್ತೆ ಕರೆತಂದಿತು. ‘ದ ಥ್ರಿಫ್ಟಿ ಪಿಗ್’ ಎಂಬ ಆ ಕಿರುಚಿತ್ರದಲ್ಲಿ ತೋಳದ ಮೈಮೇಲೆ ಸ್ವಸ್ತಿಕ ಗುರುತಿನ ನಾಜಿ ಉಡುಪು! ಎಂಟೇ ವರ್ಷದ ಹಿಂದೆ ಯಹೂದಿಯ ವೇಷ ಹಾಕಿದ್ದ ತೋಳ ಇದೇ.

ಯುದ್ಧ ಮುಗಿಯಿತು, ನಾಜಿ ಶಿಬಿರಗಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಆ ಮುಖವನ್ನು ಇನ್ನು ತೆರೆಗೆ ತರುವುದು ಸಾಧ್ಯವಿರಲಿಲ್ಲ. 1948ರಲ್ಲಿ ಮತ್ತೆ ಬಿಡುಗಡೆ ಮಾಡುವಾಗ ಆ ದೃಶ್ಯದ ಚಿತ್ರಗಳನ್ನು ಹೊಸದಾಗಿ ಬರೆದರು. ಮೂಗು, ಗಡ್ಡ ಹೋದವು, ತೋಳ ಮಾಮೂಲಿ ಬ್ರಷ್ ಮಾರುವವನಾಯಿತು. ದನಿಯನ್ನೂ ಮುಂದೆ ಬದಲಿಸಿದರು. ‘ದುಡಿದುಕೊಂಡು ಕಾಲೇಜು ಓದುತ್ತಿದ್ದೇನೆ’ ಎಂಬ ಹೊಸ ಮಾತು ಬಂತು. ಹೊಸ ಗೆರೆಗಳು ಹಳೆಯವುಗಳ ಜೊತೆ ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ಅಂದರೆ, ಗೊತ್ತಿಲ್ಲದವರಿಗೆ ಬೆಸುಗೆ ಕಾಣುವುದಿಲ್ಲ.

ಮುಂದಿನ ಐವತ್ತು ವರ್ಷ ಟಿವಿ, ಕ್ಯಾಸೆಟ್, ಡಿವಿಡಿಗಳಲ್ಲಿ ಕಳೆದವು. ಜಾಸ್ತಿ ಜನ ನೋಡಿದ್ದು ತಿದ್ದಿದ ಪ್ರತಿಯನ್ನೇ. 2007ರಲ್ಲಿ ಚಿತ್ರ ಕಾಪಿಡಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಹೀಗೆ ಒಂದು ಜನಾಂಗವನ್ನು ಹೀಯಾಳಿಸುವ ಹಳೆಯ ಕಾರ್ಟೂನುಗಳಿಗೆ ಬೇರೆ ದಾರಿಗಳನ್ನೂ ಹಿಡಿದಿದ್ದಾರೆ. 1968ರಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೊದ ಹನ್ನೊಂದು ಕಾರ್ಟೂನುಗಳನ್ನು ಟಿವಿಯಿಂದ ಪೂರ್ತಿ ತೆಗೆದರು. ಮುಂದೆ ವಾರ್ನರ್ ಡಿವಿಡಿಗಳಲ್ಲಿ ಕೆಲವು ಹಳೆಯ ಕಾರ್ಟೂನುಗಳನ್ನು ಇದ್ದ ಹಾಗೇ ಬಿಟ್ಟು, ಮೊದಲಿಗೆ ಎಚ್ಚರಿಕೆಯ ಮಾತು ಹಾಕಿದರು. ಆಗಲೂ ಇದು ತಪ್ಪು, ಈಗಲೂ ತಪ್ಪು, ಆದರೆ ಮುಚ್ಚಿಟ್ಟರೆ ಇರಲೇ ಇಲ್ಲ ಅಂದ ಹಾಗಾಗುತ್ತದೆ ಎಂಬುದು ಅದರ ಸಾರ. 2020ರಲ್ಲಿ ಡಿಸ್ನಿ ಪ್ಲಸ್ ಕೂಡ ಕೆಲವು ಹಳೆಯ ಚಿತ್ರಗಳಿಗೆ ಇಂಥದ್ದೇ ಸೂಚನೆಯನ್ನು ಇನ್ನಷ್ಟು ಬಿಡಿಸಿ ಬರೆಯಿತು. ಸುಮ್ನೆ ತಿದ್ದಿ ಕೂರುವುದಕ್ಕಿಂತ ಇದು ವಾಸಿ. ಮಕ್ಕಳಿಗೆ ತಿದ್ದಿದ ಪ್ರತಿ ತೋರಿಸಲಿ, ಬೇಡ ಅನ್ನುವವರಾರು? ಪಕ್ಕದಲ್ಲಿ ‘ಇಲ್ಲಿ ಬದಲಾಯಿಸಲಾಗಿದೆ’ ಅಂತ ಒಂದು ಸಾಲು ಇರಲಿ.

ಅಮೆರಿಕದ ಕಾನೂನಿನಲ್ಲಿ ಆ ಕಾಲದ ಚಿತ್ರಗಳ ಕೃತಿಸ್ವಾಮ್ಯದ ಹಕ್ಕು 95 ವರ್ಷ. ಆ ಲೆಕ್ಕದಲ್ಲಿ 1933ರ ಪ್ರತಿ 2029ರ ಜನವರಿ 1ರಂದು ಅಲ್ಲಿ ಎಲ್ಲರ ಸ್ವತ್ತಾಗುತ್ತದೆ. ಬಿಡುಗಡೆಯಾಗುವುದು ಮೂಗು, ಗಡ್ಡದ ಆ ಹಳೆಯ ತೋಳ. 1948ರಲ್ಲಿ ಹೊಸದಾಗಿ ಬರೆದ ಭಾಗದ ಲೆಕ್ಕ ಬೇರೆ.