ನಿಕ್ಸನ್ ಬಗ್ಗೆ ಇತಿಹಾಸ ಯಾಕೆ ಮತ್ತೆ ಮತ್ತೆ ಮಾತು ಬದಲಿಸುತ್ತದೆ?

1972ರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ 50 ರಾಜ್ಯಗಳ ಪೈಕಿ 49ನ್ನು ಬಾಚಿಕೊಂಡರು. ಎರಡು ವರ್ಷ ತುಂಬುವ ಮೊದಲೇ, 1974ರ ಆಗಸ್ಟ್ 9ರಂದು, ರಾಜೀನಾಮೆ ಕೊಟ್ಟು ಶ್ವೇತಭವನ ಬಿಟ್ಟರು. ರಾಜೀನಾಮೆ ಕೊಟ್ಟ ಅಮೆರಿಕದ ಅಧ್ಯಕ್ಷರು ಇವತ್ತಿಗೂ ಅವರೊಬ್ಬರೇ.

ಕೆಟ್ಟ ಹೆಸರು ಹೊತ್ತು ಇಳಿಯುವ ಅಧ್ಯಕ್ಷರ ಬೆಂಬಲಿಗರು ಸಾಮಾನ್ಯವಾಗಿ ಹ್ಯಾರಿ ಟ್ರೂಮನ್ ಹೆಸರು ಎತ್ತುತ್ತಾರೆ. 1952ರಲ್ಲಿ ಅಧ್ಯಕ್ಷರಾಗಿದ್ದ ಟ್ರೂಮನ್ ಕೆಲಸ ಮೆಚ್ಚಿದವರು ನೂರಕ್ಕೆ ಬರೀ 22 ಜನ. ಈಗ ಇತಿಹಾಸಕಾರರ ಪಟ್ಟಿಗಳಲ್ಲಿ ಅವರು ಮೊದಲ ಹತ್ತರೊಳಗೆ ಇರುತ್ತಾರೆ. ಕಾಲ ಕಳೆದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆಗೆ ಇದೇ ಆಧಾರ. ಆದರೆ ನಿಕ್ಸನ್ ವಿಷಯದಲ್ಲಿ ಒಂದು ತೊಡಕಿತ್ತು. ತಮ್ಮ ವಿರುದ್ಧದ ಸಾಕ್ಷಿಯನ್ನು ಅವರೇ ರೆಕಾರ್ಡ್ ಮಾಡಿಟ್ಟಿದ್ದರು.

1971ರ ಫೆಬ್ರುವರಿಯಲ್ಲಿ ಅವರ ಕಚೇರಿಯಲ್ಲಿ ಗುಟ್ಟಾಗಿ ಮೈಕುಗಳನ್ನು ಕೂರಿಸಲಾಯಿತು. ಯಾರಾದರೂ ಮಾತಾಡಿದರೆ ಸಾಕು, ಟೇಪು ತಾನಾಗಿ ತಿರುಗುತ್ತಿತ್ತು. 1973ರ ಜುಲೈವರೆಗೆ ಸುಮಾರು 3,700 ಗಂಟೆಗಳಷ್ಟು ಮಾತು ಸೇರಿತು. ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದದ್ದು 1972ರ ಜೂನ್ 17ಕ್ಕೆ. ಆರು ದಿನ ಬಿಟ್ಟು ನಡೆದ ಮಾತುಕತೆ ಟೇಪಿನಲ್ಲಿದೆ. ಎಫ್‌ಬಿಐ ತನಿಖೆ ಮುಂದೆ ಹೋಗದಂತೆ ಗುಪ್ತಚರ ಸಂಸ್ಥೆ ಸಿಐಎ ಕೈಯಿಂದ ಹೇಳಿಸೋಣ ಎಂದು ಆಪ್ತ ಹಾಲ್ಡೆಮನ್ ಸೂಚಿಸುತ್ತಾರೆ. ನಿಕ್ಸನ್ ಒಪ್ಪುತ್ತಾರೆ. ಟೇಪು ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 8-0ರಲ್ಲಿ ತೀರ್ಪು ಕೊಟ್ಟ ಮೇಲೆ ಇದು ಹೊರಬಿತ್ತು. ನಾಲ್ಕೇ ದಿನದಲ್ಲಿ ಕುರ್ಚಿ ಹೋಯಿತು.

ತಿಂಗಳೊಪ್ಪತ್ತಿನಲ್ಲಿ ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ನಿಕ್ಸನ್‌ಗೆ ಕ್ಷಮಾದಾನ ಕೊಟ್ಟರು. ಹಾಗಾಗಿ ನಿಕ್ಸನ್ ಕಟಕಟೆ ಹತ್ತಲೇ ಇಲ್ಲ, ತೀರ್ಪಿನ ಕೆಲಸ ಇತಿಹಾಸಕಾರರ ಪಾಲಿಗೆ ಬಂತು. ಟೇಪುಗಳನ್ನು ಸರ್ಕಾರದ ವಶದಲ್ಲೇ ಇಡಲು ಸಂಸತ್ತು ಕಾನೂನು ಮಾಡಿತು. ಅವು ಹೊರಬರದಂತೆ ತಡೆಯಲು ನಿಕ್ಸನ್ ಕೊನೆಯವರೆಗೂ ಕೋರ್ಟು ಅಲೆದರು. ಜೊತೆಗೆ ಪುಸ್ತಕ ಬರೆದರು, ವಿದೇಶ ಸುತ್ತಿದರು, ಹಿರಿಯ ಮುತ್ಸದ್ದಿ ಅನ್ನಿಸಿಕೊಂಡರು. 1994ರಲ್ಲಿ ತೀರಿಕೊಂಡಾಗ ಆಗಿನ ಅಧ್ಯಕ್ಷ, ಎದುರಾಳಿ ಪಕ್ಷದ ಬಿಲ್ ಕ್ಲಿಂಟನ್ ಅವರೇ, ಇವರನ್ನು ಇಡೀ ಬದುಕು ನೋಡಿ ಅಳೆಯಬೇಕು ಎಂದರು. ಕ್ಲಿಂಟನ್ ಹೇಳಿದ್ದರಲ್ಲಿ ಹುರುಳಿತ್ತು. ಪರಿಸರ ರಕ್ಷಣಾ ಸಂಸ್ಥೆ ಹುಟ್ಟಿದ್ದು, ಚೀನಾ ಬಾಗಿಲು ತೆರೆದದ್ದು, ರಷ್ಯಾ ಜೊತೆ ಕ್ಷಿಪಣಿ ಒಪ್ಪಂದ, ಎಲ್ಲ ಅವರ ಕಾಲದ್ದೇ.

ಆದರೆ ಅವರು ಹೋದ ಮೇಲೆ ಟೇಪುಗಳು ಕಂತುಕಂತಾಗಿ ಬಿಡುಗಡೆಯಾದವು. ಚೀನಾ ಬಾಗಿಲು ತೆರೆದ ಕಥೆಯೂ ಬೇರೆಯಾಗಿ ಕಾಣತೊಡಗಿತು. ಆ ಬಾಗಿಲಿನ ಕೀಲಿ, ಗುಟ್ಟಿನ ಮಧ್ಯವರ್ತಿಯಾಗಿದ್ದ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಕೈಯಲ್ಲಿತ್ತು, ಅಲ್ವಾ? 1971ರ ಏಪ್ರಿಲ್‌ನಲ್ಲಿ, ಆಗ ಪೂರ್ವ ಪಾಕಿಸ್ತಾನದಲ್ಲಿದ್ದ ಢಾಕಾದ ಅಮೆರಿಕನ್ ಅಧಿಕಾರಿಗಳು ಪಾಕ್ ಸೇನೆ ಅಲ್ಲಿ ನಡೆಸುತ್ತಿದ್ದ ಹತ್ಯಾಕಾಂಡದ ಬಗ್ಗೆ ತಮ್ಮ ಸರ್ಕಾರ ಬಾಯಿ ಮುಚ್ಚಿಕೊಂಡಿದೆ ಎಂದು ತಂತಿ ಕಳಿಸಿದರು. ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಅದನ್ನು ಬೆಂಬಲಿಸಿದರು. ಅವರನ್ನೇ ಅಲ್ಲಿಂದ ಎತ್ತಂಗಡಿ ಮಾಡಲಾಯಿತು. ಭಾರತಕ್ಕೆ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದರು. ಡಿಸೆಂಬರ್ ಯುದ್ಧದಲ್ಲಿ ಬಂಗಾಳ ಕೊಲ್ಲಿಗೆ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂದದ್ದು ನಮ್ಮ ಹಿರಿಯರಿಗೆ ನೆನಪಿರುತ್ತದೆ. 2005ರಲ್ಲಿ, ಇಂದಿರಾ ಗಾಂಧಿಯವರ ವಾಷಿಂಗ್ಟನ್ ಭೇಟಿಯ ಹೊತ್ತಿಗೆ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಆಡಿದ ಬೈಗುಳ ಜಗತ್ತಿಗೇ ತಿಳಿಯಿತು. ಕಿಸಿಂಜರ್ ವಿಷಾದ ಹೇಳಿದರು.

2017ರ ಶುರುವಿನಲ್ಲಿ ಇನ್ನೊಂದು ವಿಷಯ ಹೊರಬಂತು. 1968ರ ಚುನಾವಣೆಗೆ ಮುಂಚೆ ವಿಯೆಟ್ನಾಂ ಶಾಂತಿ ಮಾತುಕತೆಗೆ ಅಡ್ಡಗಾಲು ಹಾಕಲು ನಿಕ್ಸನ್ ಹೇಳಿದ್ದರೆಂದು ಹಾಲ್ಡೆಮನ್ ಕೈಬರಹದ ಟಿಪ್ಪಣಿಗಳು ಸೂಚಿಸಿದವು. ಬದುಕಿದ್ದಾಗ ನಿಕ್ಸನ್ ಅದನ್ನು ಅಲ್ಲಗಳೆದಿದ್ದರು.

ನನ್ನ ಲೆಕ್ಕದಲ್ಲಿ ಕಾಲ ಯಾರನ್ನೂ ಸುಮ್ನೆ ತೊಳೆದುಕೊಡುವುದಿಲ್ಲ. ಯಾವ ಕಡತ ಯಾವಾಗ ತೆರೆಯಿತು ಅನ್ನುವುದೇ ಜಾಸ್ತಿ ಮುಖ್ಯ. ನೋಡುವವರ ಪ್ರಶ್ನೆಗಳೂ ಬದಲಾಗುತ್ತವೆ. ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ 19ನೇ ಶತಮಾನದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಒಂದು ಕಾಲದಲ್ಲಿ ಜನನಾಯಕ. ಈಗ ಅವರ ಸ್ಥಾನ ಜಾರುತ್ತಲೇ ಇದೆ.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷರ ಅಧಿಕೃತ ಕೆಲಸಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ದೊಡ್ಡ ಮಟ್ಟದ ರಕ್ಷಣೆ ಇದೆ ಎಂದಿತು. ಹಾಗಾದರೆ 1972ರ ಜೂನ್‌ನ ಆ ಮಾತುಕತೆ ಅಧಿಕೃತ ಕೆಲಸವೇ ಅಲ್ಲವೇ ಎಂಬ ವಾದ ಅಮೆರಿಕದ ವಕೀಲರಲ್ಲಿ ಮತ್ತೆ ಶುರುವಾಗಿದೆ.